ಎಣ್ಣೆ ಕುಡಿದ ಕಟ್ಟಿಗೆ

ನಮ್ಮ ಮನೆಯಲ್ಲಿ ನನ್ನದು ಅಂತ ಒಂದು ಬಾಚಣಿಕೆಯೂ ಇರಲಿಲ್ಲ. ಇದ್ದದ್ದೇ ಒಂದು, ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ, ಅದರ ಹಲ್ಲುಗಳಲ್ಲಿ ಮನೆಯ ಐದೂ ಜನರ ಕೂದಲು. ನನ್ನ ಚಪ್ಪಲಿ ಅಕ್ಕನ ಕಾಲಿಗೆ ಸಣ್ಣದಾದದ್ದು. ನನ್ನ ಸ್ವೆಟರು ಅವ್ವನ ತವರು ಹಮ್ಮಿಗಿಯಲ್ಲಿ ಯಾರೋ ತೊಟ್ಟು ಬಿಟ್ಟದ್ದು. ಅಂಗಡಿಯಿಂದ ಹೊಸ ಪೆನ್ಸಿಲು ತಂದರೆ ಮಧ್ಯಾಹ್ನದ ಹೊತ್ತಿಗೆ ಅದು ಅಪ್ಪನ ಕಿವಿಯ ಮೇಲಿರುತ್ತಿತ್ತು. ನೇಯುವ ಸೀರೆಗೆ ಅಳತೆಯ ಗುರುತು ಹಾಕಲು ಅವನಿಗೆ ಅದೇ ಬೇಕು. ಅದು ನನ್ನದು ಎಂದು ನಾನು ಕಿರುಚಿದರೆ ಆಯಿ, ಅಂದರೆ ಅಪ್ಪನ ಅವ್ವ, ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು.

"ಮನಿ ಒಂದ, ಒಲಿ ಒಂದ. ಅದರಾಗ ನಿಂದ್ಯಾವ್ದವ್ವ, ನಂದ್ಯಾವ್ದು?"

ಈ ಮಾತು ಕೇಳಿದಾಗೆಲ್ಲ ನನ್ನ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ತುಂಬಿದ ಮನೆಯ ಸುಖದ ಬಗ್ಗೆ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡುವವರನ್ನು ಕಂಡರೆ, ಇವರ ಪೆನ್ಸಿಲು ಯಾವತ್ತೂ ಕಳೆದಿಲ್ಲ ಅನ್ನಿಸುತ್ತದೆ. ನಮ್ಮದು ಬೆಟಗೇರಿಯ ನೇಕಾರರ ಓಣಿ. ಮುಂದಿನ ಕೋಣೆಯ ಮುಕ್ಕಾಲು ಭಾಗ ಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಮುಂಜಾನೆ ಕೂತರೆ ಊಟದ ಹೊತ್ತಿಗೇ ಮೇಲೇಳುತ್ತಿದ್ದದ್ದು. ಬಂದವರು ಗೋಡೆಗೆ ಬೆನ್ನು ಹಚ್ಚಿ, ಕಾಲು ಮಡಚಿ ಕೂರಬೇಕು. ನಡುವಿನ ಪಡಸಾಲೆಯಲ್ಲಿ ಅವ್ವನ ರಾಟಿ, ಅವಳ ಸುತ್ತ ನೂಲಿನ ಕಂಡಿಕೆಗಳ ಬುಟ್ಟಿ. ಅದರಾಚೆ ಅಡಿಗೆಮನೆ, ಅದರಾಚೆ ಹಿತ್ತಲು, ಹಿತ್ತಲಲ್ಲಿ ಬಿಸಿಲು ಬಿದ್ದ ಕಡೆ ಆಯಿ. ಬಿಸಿಲು ಸರಿದ ಹಾಗೆ ಅವಳೂ ಸರಿಯುತ್ತಿದ್ದಳು. ನಾಲ್ಕು ಮಂದಿಯನ್ನು ದಾಟದೆ ಆ ಮನೆಯಲ್ಲಿ ಬಚ್ಚಲಿಗೂ ಹೋಗಲು ಆಗುತ್ತಿರಲಿಲ್ಲ, ದಾಟಿದ ಪ್ರತಿಯೊಬ್ಬರೂ ಒಂದು ಕೆಲಸ ಹೇಳುತ್ತಿದ್ದರು.

ಇದಕ್ಕಿಂತ ದೊಡ್ಡ ಸಂಕಟ ಸೋಮವಾರದ ಭಜನೆ. ಓಣಿಯ ಮನೆಗಳು ಸರದಿಯ ಮೇಲೆ ಭಜನೆ ಹಿಡಿಯುತ್ತಿದ್ದವು, ಸಂಜೆ ದೀಪ ಹಚ್ಚಿದ ಮೇಲೆ ಶುರು. ನಮ್ಮ ಮನೆಯಲ್ಲಿ ಎಲ್ಲರಿಗೂ ಕಂಠವಿತ್ತು. ಅಪ್ಪ ಹಾರ್ಮೋನಿಯಂ ಒತ್ತಿಕೊಂಡು ಹಾಡುತ್ತಿದ್ದ, ಅವ್ವ ಹಿಂದಿನಿಂದ ಎತ್ತಿಕೊಳ್ಳುತ್ತಿದ್ದಳು, ಅಕ್ಕನ ದನಿ ಮೂರು ಮನೆ ಆಚೆಗೆ ಕೇಳುತ್ತಿತ್ತು. ಯಾರ ಮನೆಯಲ್ಲಿ ಭಜನೆಯಿದ್ದರೂ ಮೊದಲ ಪದ ಆಯಿಯದೇ. ಹಲ್ಲಿಲ್ಲದ ಬಾಯಿಂದ ಅಷ್ಟು ಸ್ವಚ್ಛ ಸ್ವರ ಹೇಗೆ ಬರುತ್ತಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ನನ್ನ ಗಂಟಲಿನಿಂದ ಮಾತ್ರ ಎಣ್ಣೆ ಕಾಣದ ಬಾಗಿಲಿನ ಸಪ್ಪಳ. ಅಪ್ಪ ಒಳ್ಳೆಯವನು, ಬಯ್ಯುತ್ತಿರಲಿಲ್ಲ.

"ಗಿರಿಜಾ, ನೀ ಮನಸಿನ್ಯಾಗ ಹಾಡವ್ವ. ದೇವ್ರಿಗೆ ಕೇಳಸ್ತೈತಿ."

ಎಲ್ಲರೂ ನಕ್ಕರು. ಬಯ್ದಿದ್ದರೇ ಚೆನ್ನಾಗಿತ್ತು. ತಾಳ ಕೊಟ್ಟು ನೋಡಿದರು. ನನ್ನ ಕೈ ಓಡುತ್ತದೆ ಅಂತ ಅದನ್ನೂ ಕಸಿದುಕೊಂಡರು. ಕಡೆಗೆ ನನ್ನ ಪಾಲಿಗೆ ಉಳಿದದ್ದು ಚಹಾದ ಪರಾತ. ಎಲ್ಲರೂ ಒಂದೇ ಉಸಿರಲ್ಲಿ ಹಾಡುತ್ತಿರುವಾಗ ಕಾಲುಗಳ ನಡುವೆ ಜಾಗ ಹುಡುಕುತ್ತ ಕಪ್ಪು ಕೊಡುತ್ತ ಹೋಗುವುದು. ಹದಿಮೂರರ ವಯಸ್ಸಿನಲ್ಲಿ ನನಗೆ ಬೇಕಾಗಿದ್ದದ್ದು ಎರಡೇ: ಯಾರ ಕೈಯೂ ತಾಗದ ಒಂದು ವಸ್ತು, ಮತ್ತು ಭಜನೆಯಲ್ಲಿ ಅಪ್ಪನ ಪಕ್ಕ ಕೂರಲು ಒಂದು ಜಾಗ.

ಇದನ್ನು ಅರ್ಥ ಮಾಡಿಕೊಂಡವನು ಈರಣ್ಣ ಕಾಕಾ ಒಬ್ಬನೇ. ಅಪ್ಪನ ತಮ್ಮ, ಲಕ್ಷ್ಮೇಶ್ವರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಒಮ್ಮೆ ಬಂದಾಗ ತನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ಸಮುದ್ರದ ಊರಿನ ಹುಡುಗಿ, ಮಡಿಲಲ್ಲಿ ಕೂಸಿನಷ್ಟು ದೊಡ್ಡದಾದ ಗಿಟಾರಿನಂಥದ್ದು, ನಾಲ್ಕೇ ತಂತಿ. ಹೆಸರು ಉಕುಲೆಲೆ. ಹುಡುಗಿ ಬಾಯಿ ಬಿಡುತ್ತಿರಲಿಲ್ಲ, ಬೆರಳುಗಳಷ್ಟೇ ಆಡುತ್ತಿದ್ದವು. ನಾನು ಆ ವಿಡಿಯೊವನ್ನು ಎಷ್ಟು ಸಲ ನೋಡಿದೆನೆಂದರೆ ಕಾಕಾನ ಫೋನು ಬಿಸಿಯಾಯಿತು. ತಿಂಗಳೊಳಗೆ ಒಂದು ರವಿವಾರ ಅವನು ಕಂಕುಳಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಬಂದ. ಮಗ್ಗ ನಿಂತಿತು, ರಾಟಿ ನಿಂತಿತು, ಎಲ್ಲರೂ ಸುತ್ತ ಕೂತರು. ಡಬ್ಬಿ ತೆರೆದರೆ ಒಳಗೆ ತುಂಡು ತುಂಡು.

"ಏನಲೇ ಈರಣ್ಣ, ಮುರದದ್ದನ್ನ ಕಳಸ್ಯಾರಲ್ಲೋ?" ಅಂದ ಅಪ್ಪ.

"ಚಿತ್ರದಾಗ ಪೂರಾ ಇತ್ತಣ್ಣಾ! ಖರೆ ಅಂದ್ರ ನಾಕೂ ತಂತಿ ಎಣಸೀನಿ ನಾನು."

"ಕೆಳಗ ಸಣ್ಣ ಅಕ್ಷರದಾಗ ಏನರ ಬರದಿತ್ತೇನು?"

"ಸಣ್ಣ ಅಕ್ಷರ ಯಾರ ಓದ್ತಾರ ಬಿಡಣ್ಣಾ."

ಸಣ್ಣ ಅಕ್ಷರದಲ್ಲಿ ಬರೆದಿದ್ದದ್ದು ಇಷ್ಟೇ: ಇದು ಮನೆಯಲ್ಲಿ ನೀವೇ ಜೋಡಿಸಿಕೊಳ್ಳುವ ಕಿಟ್ಟು. ಕಾಕಾ ತಲೆ ಕೆರೆದುಕೊಳ್ಳುತ್ತ ವಾಪಸು ಕಳಿಸುತ್ತೇನೆ ಅಂದ. ನಾನು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟೆ. ಪೂರಾ ವಾದ್ಯ ಬಂದಿದ್ದರೆ ಅದು ಮನೆಯದಾಗುತ್ತಿತ್ತು. ಅಕ್ಕ ಮೊದಲು ನುಡಿಸುತ್ತಿದ್ದಳು, ಅಪ್ಪ ಶ್ರುತಿ ಮಾಡುತ್ತಿದ್ದ. ತುಂಡಾಗಿ ಬಂದದ್ದು ಜೋಡಿಸಿದವರದ್ದು.

"ಇದು ನಂದು. ನಾನ ಜೋಡಸ್ತೀನಿ. ಯಾರೂ ಕೈ ಹಚ್ಚಬಾರದು, ಈಗ ಹೇಳಾಕತ್ತೀನಿ."

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ನಮ್ಮ ಮನೆಯ ಭಜನೆಯ ಸರದಿ ಇನ್ನು ಆರು ಸೋಮವಾರಕ್ಕೆ ಬರುವುದಿತ್ತು.

"ಆತು. ನಮ್ಮ ಪಾಳಿ ಬರೂದರಾಗ ಅದು ಶ್ರುತಿಗೆ ನಿಂತ್ರ ನನ್ನ ಬಾಜೂಕ ನಿನಗ ಜಾಗಾ. ನಿಲ್ಲಲಿಲ್ಲಂದ್ರ ಚಾ ಕೊಡಾಕ ನೀನ."

ಡಬ್ಬಿಯಲ್ಲಿದ್ದ ಮುಖ್ಯ ಸಾಮಾನು ಎಣಿಸಿ ಹೇಳುವಷ್ಟೇ. ಬುರುಡೆ ಮೊದಲೇ ಜೋಡಿಸಿ ಬಂದಿತ್ತು, ಬಿಳಿಚಿದ ಹಗುರ ಕಟ್ಟಿಗೆ, ನಡುವೆ ತೂತು. ಒಂದು ದಂಡಿ, ಅದರ ಮೇಲೆ ಹಿತ್ತಾಳೆಯ ಸಣ್ಣ ಮೆಟ್ಟಿಲುಗಳು. ನಾಲ್ಕು ನೈಲಾನ್ ತಂತಿ, ಅವನ್ನು ತಿರುವಿ ಬಿಗಿಯಲು ನಾಲ್ಕು ಬಿರಟೆ. ಬೆರಳುದ್ದದ ಒಂದು ಕಟ್ಟಿಗೆ ತುಂಡು; ತಂತಿಗಳೆಲ್ಲ ಅದರ ಮೇಲೆ ಹಾಯ್ದು ಹೋಗಬೇಕು, ಅದನ್ನು ಬುರುಡೆಯ ಮೇಲೆ ಅಂಟಿಸಬೇಕು. ತಂಬೂರಿಯಲ್ಲಿ ಇರುವುದೂ ಇಂಥದ್ದೇ, ಇದಕ್ಕೆ ಕುದುರಿ ಅನ್ನುತ್ತಾರೆ ಅಂತ ಅಪ್ಪ ಹೇಳಿಕೊಟ್ಟ. ಜೊತೆಗೆ ಒಂದು ಸಣ್ಣ ಅಂಟಿನ ಟ್ಯೂಬು, ಎರಡು ಉಸುಕಿನ ಕಾಗದ, ಯಾವ ಭಾಷೆಯೆಂದು ತಿಳಿಯದ ಹಾಳೆಯ ಮೇಲೆ ಚಿತ್ರಗಳು. ಚಿತ್ರದ ಪ್ರಕಾರ ಮೊದಲು ದಂಡಿ ಕೂಡಿಸು, ಆಮೇಲೆ ತಿಕ್ಕಿ ನುಣುಪು ಮಾಡು, ಬಣ್ಣ ಬೇಕಿದ್ದರೆ ಹಚ್ಚು, ಕಡೆಗೆ ಕುದುರಿ. ಮೊದಲ ವಾರವೇ ದಂಡಿ ಕೂಡಿಸಿದೆ. ಅವ್ವನ ಹಳೆಯ ಸೀರೆಯ ಅಂಚಿನಿಂದ ಬಿಗಿದು ಎರಡು ದಿನ ಬಿಟ್ಟೆ, ಗಟ್ಟಿಯಾಗಿ ಕೂತಿತು. ಅಲ್ಲಿಂದ ಮುಂದೆ ನನ್ನ ಗ್ರಹಚಾರ.

ಕೈ ಹಚ್ಚಬಾರದು ಅಂದರೆ ಏನರ್ಥ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಉಸುಕಿನ ಕಾಗದ ಕಾಣೆಯಾಯಿತು. ನೋಡಿದರೆ ಅಪ್ಪ ಅದರಿಂದ ಮಗ್ಗದ ಲಾಳಿಯ ಮೂತಿ ತಿಕ್ಕುತ್ತಿದ್ದ. ಡಬ್ಬಿ ಗಟ್ಟಿಯಾಗಿದೆ ಅಂತ ಅವ್ವ ಅದರಲ್ಲಿ ಕಂಡಿಕೆ ತುಂಬಿಟ್ಟಳು, ನನ್ನ ಬಿರಟೆಗಳನ್ನು ಸಾಸಿವೆ ಡಬ್ಬಿಯ ಮುಚ್ಚಳದಲ್ಲಿ ಹಾಕಿಟ್ಟಿದ್ದಳು. ಚಿತ್ರದ ಹಾಳೆಯಲ್ಲಿ ಅಕ್ಕ ಪುಸ್ತಕಕ್ಕೆ ರಟ್ಟು ಹಾಕಿಕೊಂಡಳು. ಬಿಡಿಸಿ ಕೊಡು ಅಂದರೆ "ಹೊರಗಿಂದ ಚಿತ್ರ ಕಾಣತಾವಲ್ಲ, ನೋಡ್ಕೊ" ಅಂದಳು. ಆರು ವಾರ ನಾನು ಅವಳ ವಿಜ್ಞಾನದ ಪುಸ್ತಕವನ್ನು ತಿರುವಿ ತಿರುವಿ ವಾದ್ಯ ಕಟ್ಟಿದ್ದೇನೆ.

ಎಲ್ಲಕ್ಕೂ ಕಿರೀಟವಿಟ್ಟವಳು ಆಯಿ. ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡುತ್ತೇನೆ, ಹಿತ್ತಲ ಬಿಸಿಲಲ್ಲಿ ಅವಳು ಕಾಲು ಚಾಚಿ ಕೂತಿದ್ದಾಳೆ, ತೊಡೆಯ ಮೇಲೆ ನನ್ನ ಉಕುಲೆಲೆ. ಪಕ್ಕದಲ್ಲಿ ಕುಸುಬಿ ಎಣ್ಣೆಯ ಬಟ್ಟಲು, ಕೈಯಲ್ಲಿ ಅರಿವೆಯ ಉಂಡೆ. ಬುರುಡೆ, ದಂಡಿ, ಬಿಡಿಯಾಗಿದ್ದ ಕುದುರಿ, ಎಲ್ಲ ಫಳಫಳ ಹೊಳೆಯುತ್ತಿವೆ. ಇದು ನಮ್ಮ ಮನೆಯ ಪದ್ಧತಿ. ಹೊಸ ಕಟ್ಟಿಗೆ ಹೊಸ್ತಿಲು ದಾಟಿ ಬಂದರೆ ಅದು ಕೆಲಸಕ್ಕೆ ಇಳಿಯುವ ಮೊದಲು ಮನೆಯ ಹಿರಿಯ ಕೈ ಅದಕ್ಕೆ ಎಣ್ಣೆ ಕುಡಿಸಬೇಕು. ಲಟ್ಟಣಿಗೆಯಿರಲಿ, ಲಾಳಿಯಿರಲಿ, ತೊಟ್ಟಿಲಿರಲಿ. ಅಕ್ಕ ಮತ್ತು ನಾನು ಮಲಗಿದ ತೊಟ್ಟಿಲಿಗೂ ಇದೇ ಆಯಿ ಮುಂಡರಗಿಯ ಗಾಣದ ಎಣ್ಣೆ ತರಿಸಿ ಮೂರು ದಿನ ತಿಕ್ಕಿದ್ದಳಂತೆ.

"ಆಯೀ! ಮುಟ್ಟಬ್ಯಾಡ ಅಂದಿದ್ನಿಲ್ಲ?"

"ಮುಟ್ಟಿಲ್ಲವ್ವ, ಎಣ್ಣಿ ಹಚ್ಚೀನಿ ಅಷ್ಟ. ಪಾಪ, ಹಸದ ಬಂದಿತ್ತು ಕಟಗಿ. ಗಟಗಟ ಕುಡೀತು ನೋಡು."

ನಾನು ಕಸಿದುಕೊಂಡು ಒಳಗೆ ಹೋದೆ. ಸಿಟ್ಟು ಬಂದದ್ದು ಅವಳು ಮುಟ್ಟಿದಳು ಅನ್ನುವುದಕ್ಕೆ ಮಾತ್ರ. ನಿಜ ಹೇಳಬೇಕೆಂದರೆ ಬಿಳಿಚಿದ ಆ ಕಟ್ಟಿಗೆ ಜೇನಿನ ಬಣ್ಣಕ್ಕೆ ತಿರುಗಿ ಚೆಂದ ಕಂಡಿತ್ತು, ಮೂಲೆಯಲ್ಲಿ ಕೂತು ಕದ್ದು ನೋಡಿ ಖುಷಿಪಟ್ಟಿದ್ದೆ. ಮರುದಿನ ತೂತಿನ ಸುತ್ತ ಅಪ್ಪ ನೇಯುವ ಸೀರೆಯ ದಡಿಯನ್ನೇ ಕೆಂಪು ಹಳದಿಯಲ್ಲಿ ಬರೆಯಬೇಕೆಂದು ಹೊರಟೆ. ಕುಂಚ ಎಳೆದರೆ ಬಣ್ಣ ಹನಿಹನಿಯಾಗಿ ಗುಂಪುಗೂಡಿ ಕೂತಿತು, ಹಚ್ಚಿದಲ್ಲಿ ನಿಲ್ಲಲೇ ಇಲ್ಲ. ಬಣ್ಣಕ್ಕೆ ನೀರು ಬೆರೆಸಿಟ್ಟಿದ್ದಾಳೆಂದು ಅಕ್ಕನ ಜಡೆ ಹಿಡಿದು ಜಗಳವಾಡಿದೆ. ಅವ್ವ ಇಬ್ಬರಿಗೂ ಒಂದೊಂದು ಏಟು ಕೊಟ್ಟಳು. ದಡಿ ಹಾಳಾಗಿ ಹೋಗಲಿ, ಅದು ನುಡಿದರೆ ಸಾಕು ಅಂತ ಬಣ್ಣ ಒರೆಸಿ ಹಾಕಿದೆ.

ಕುದುರಿ ಅಂಟಿಸಿ, ಮೇಲೆ ಕಾರ ಕುಟ್ಟುವ ಗುಂಡುಕಲ್ಲು ಹೇರಿ, ಒಂದು ದಿನ ಕಾದು, ತಂತಿ ಕಟ್ಟಿದೆ. ಅಪ್ಪ ಹಾರ್ಮೋನಿಯಂನ ಒಂದು ಸ್ವರದ ಮನೆ ಒತ್ತಿ ಹಿಡಿದ. ಮೊದಲ ತಂತಿ ಬಿಗಿದೆ, ಎರಡನೆಯದು ಬಿಗಿದೆ. ಮೂರನೆಯದಕ್ಕೆ ಟಪ್ ಅಂತ ಕುದುರಿ ಹಾರಿ ಅಡಿಗೆಮನೆಯಲ್ಲಿ ರೊಟ್ಟಿಯ ಬುಟ್ಟಿಗೆ ಹೋಗಿ ಬಿತ್ತು. ಅಕ್ಕ ಬಿದ್ದು ಬಿದ್ದು ನಕ್ಕಳು. ನಾನು ಎರಡನೆಯ ಸಲ ಓಣಿಯ ಅಂಗಡಿಯಿಂದ ಬಡಿಗರು ಬಳಸುವ ಬಿಳಿ ಅಂಟು ತಂದು ಹಚ್ಚಿದೆ. ಅದು ನಾಲ್ಕೂ ತಂತಿ ತಡೆದು, ಊಟಕ್ಕೆ ಕೂತಾಗ ಪಡಸಾಲೆಯಿಂದ ಟಪ್ ಅಂತು. ಮೂರನೆಯ ಸಲ ಗದಗಿನ ಮಾರ್ಕೆಟ್ಟಿಗೆ ಹೋಗಿ ಎರಡು ಟ್ಯೂಬು ಕಲಸಿ ಹಚ್ಚುವ ಅಂಟು ತಂದೆ. ಅಪ್ಪ ತಾನೇ ಮಗ್ಗ ಬಿಟ್ಟು ಬಂದು ನೂಲಿನಿಂದ ಸುತ್ತಿ ಬಿಗಿದ. ಎರಡು ದಿನ ಹಿಡಿಯಿತು. ಮೂರನೆಯ ದಿನ ಶಾಲೆಯಿಂದ ಬಂದಾಗ ಆಯಿ ಬಾಗಿಲಲ್ಲೇ ಸುದ್ದಿ ಹೇಳಿದಳು.

"ಅದು ತಾನ ಎದ್ದ ಕುಂತೈತವ್ವ. ಖರೇನ ನಾ ಏನೂ ಮಾಡಿಲ್ಲ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ. ಬೆರಳ ತುದಿಗಳಲ್ಲಿ ಅಂಟು ಒಣಗಿ ಚರ್ಮ ಸುಲಿದಿತ್ತು, ರೊಟ್ಟಿ ಮುರಿದರೆ ಉರಿ. ಕಿಟ್ಟು ಕಳಿಸಿದವರು ಕಳ್ಳರು ಅಂತ ಫೋನಿನಲ್ಲಿ ಕಾಕಾನ ಮೇಲೆ ಹರಿಹಾಯ್ದೆ, ಅವನು ಅವರಿಗೆ ಬಯ್ದು ಬರೆದ. ಓಣಿಯವರು ಬಂದು ನೋಡಿ ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳಿದರು. ಅಪ್ಪ ಎರಡು ಮೊಳೆ ಬಡಿದುಬಿಡೋಣ ಅಂದಾಗ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಲ್ಲೂ ಅಳುವಷ್ಟು ಪುರಸೊತ್ತು ಸಿಗಲಿಲ್ಲ, ಅಕ್ಕ ಬಾಗಿಲು ಬಡಿದಳು. ಸರದಿಗೆ ಎರಡೇ ಸೋಮವಾರ ಉಳಿದಿದ್ದವು.

ಆ ಶನಿವಾರ ಕಾಕಾ ನನ್ನನ್ನು ಲಕ್ಷ್ಮೇಶ್ವರಕ್ಕೆ ಕರೆಸಿಕೊಂಡ. ಸೊರಟೂರ ಮೇಲೆ ಶಿರಹಟ್ಟಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ವಾದ್ಯವನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೋದೆ. ಕಾಕಾನ ಅಂಗಡಿಯ ಹಿಂದಿನ ಸಂದಿಯಲ್ಲಿ ಮೌನೇಶಜ್ಜ ಅಂತ ಒಬ್ಬ ಬಡಿಗ. ಬಾಗಿಲು ಕಿಟಕಿಯ ಕೆಲಸ ಮಕ್ಕಳಿಗೆ ಬಿಟ್ಟು, ತಾನು ಭಜನೆಯವರ ತಂಬೂರಿಗಳನ್ನು ದುರಸ್ತಿ ಮಾಡಿಕೊಂಡಿದ್ದ. ನನ್ನ ಮಾತು ಪೂರ್ತಿ ಕೇಳಲಿಲ್ಲ. ಬುರುಡೆಯನ್ನು ಕೈಗೆತ್ತಿಕೊಂಡು, ಕುದುರಿ ಕಿತ್ತುಹೋದ ಜಾಗವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಕುಸುಬಿ ಎಣ್ಣಿ. ಯಾರ ಕುಡಿಸ್ಯಾರ ತಂಗಿ ಇದಕ್ಕ?"

"ನಮ್ಮ ಆಯಿರಿ, ಅಜ್ಜಾರ."

"ಎಣ್ಣಿ ಕುಡದ ಕಟಗಿ ಅಂಟ ಹಿಡಿಯೂದಿಲ್ಲವ್ವ. ಮೊದಲ ಅಂಟು, ಆಮ್ಯಾಲೆ ಎಣ್ಣಿ. ನೀವು ನೇಕಾರ ಮಂದಿ, ನಿಮ್ಮ ಲಾಳಿಗೆ ಅಂಟ ಎಲ್ಲಿರ್ತೈತಿ? ಹಿಂಗಾಗಿ ನಿಮಗ ಗೊತ್ತಿಲ್ಲ."

ಕುದುರಿ ಕೂರುವ ಜಾಗವನ್ನೂ ಕುದುರಿಯ ಹೊಟ್ಟೆಯನ್ನೂ ಎಣ್ಣೆ ಕುಡಿಯದ ಕಟ್ಟಿಗೆ ಕಾಣುವ ತನಕ ಹೆರೆಯಬೇಕು, ಸ್ಪಿರಿಟ್ಟಿನಿಂದ ಒರೆಸಬೇಕು, ಅಂಟಿಸಿ ಮೂರು ದಿನ ಮಾತಾಡಿಸಬಾರದು ಅಂದ. ತಾನೇ ಮಾಡಿ ಕೊಡುತ್ತೇನೆ ಅಂತಲೂ ಅಂದ. ಬೇಡ, ನಾನೇ ಮಾಡುತ್ತೇನೆ ಅಂದೆ. ಅವನು ನಕ್ಕು, ಒಡೆದ ಕಿಟಕಿ ಗಾಜಿನ ಒಂದು ಚೂರನ್ನು ಅರಿವೆಯಲ್ಲಿ ಸುತ್ತಿ ಕೊಟ್ಟ. ಕಟ್ಟಿಗೆ ಹೆರೆಯಲು ಅದಕ್ಕಿಂತ ಹರಿತವಾದದ್ದು ಇಲ್ಲವಂತೆ.

ಇಷ್ಟು ಒಳ್ಳೆಯ ಉಪಾಯ ಸಿಕ್ಕಿದ್ದಕ್ಕೆ ನಾನು ಹಿಗ್ಗಬೇಕಿತ್ತು. ಆದರೆ ಬಸ್ಸಿನಲ್ಲಿ ಕೂತ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ. ಮೂರು ಸಲದ ಅಂಟು, ಸುಲಿದ ಬೆರಳು, ಅಕ್ಕನ ಜೊತೆಗಿನ ಜಗಳ, ನಿಲ್ಲದ ಬಣ್ಣ, ಎಲ್ಲಕ್ಕೂ ಕಾರಣ ಸಿಕ್ಕಿತ್ತು. ಅದು ನಮ್ಮ ಹಿತ್ತಲಲ್ಲಿ ಬಿಸಿಲು ಕಾಯಿಸುತ್ತ ಕೂತಿತ್ತು. ಶಿರಹಟ್ಟಿ ಬರುವಷ್ಟರಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿದೆ. ಸೊರಟೂರ ದಾಟುವಷ್ಟರಲ್ಲಿ ಅವುಗಳನ್ನು ಮಸೆದೆ. ಬೆಟಗೇರಿಯಲ್ಲಿ ಇಳಿದವಳು ಚಪ್ಪಲಿ ಬಿಡದೆ ಒಳಗೆ ನುಗ್ಗಿದೆ. ಆಯಿ ಪಡಸಾಲೆಯಲ್ಲಿ ಅವ್ವನ ಪಕ್ಕ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದಳು.

"ಬಂದ್ಯಾ ಗಿರಿಜವ್ವ? ಏನಂದ್ರ ಬಡಿಗ್ಯಾರು?"

"ನೀ ಎಣ್ಣಿ ಹಚ್ಚಿದ್ದಕ್ಕ ಅದು ಹಾಳಾಗೈತಂತ! ಮುಟ್ಟಬ್ಯಾಡ ಅಂದ್ರ ಮುಟ್ಟತಿ. ಎಲ್ಲಾದಕ್ಕೂ ನಿನ್ನ ಕೈ ಬೇಕ. ನಿನ್ನ ಕೈ ಹತ್ತಿದ್ದೆಲ್ಲಾ ಹಾಳ! ಇನ್ನ ಮ್ಯಾಲೆ ನಂದ್ಯಾವ್ದಕ್ಕೂ ಕೈ ಹಚ್ಚಬ್ಯಾಡ ನೀನು!"

ಮಗ್ಗ ನಿಂತಿತು. ಅಪ್ಪ ಮುಂದಿನ ಕೋಣೆಯಿಂದ "ಗಿರಿಜಾ!" ಅಂದ. ಆಯಿ ನನ್ನನ್ನು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಕೈಗೆ ಏನೂ ಹತ್ತಿರಲಿಲ್ಲ, ಆದರೂ ಸೆರಗಿಗೆ ಒರೆಸಿಕೊಂಡಳು.

"ಅಂಟ ಹಿಡಿಯೂದಿಲ್ಲ ಅಂತ ನನಗ ಗೊತ್ತಿರಲಿಲ್ಲವ್ವ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಗಾದೆ. ನಾನು ಆಗ ಶಾಂತವೂ ಆಗಿರಲಿಲ್ಲ. ಹಿತ್ತಲಿಗೆ ಹೋಗಿ ಗಾಜಿನ ಚೂರು ಹಿಡಿದು ಹೆರೆಯಲು ಕೂತೆ. ಹೆರೆದಷ್ಟೂ ಎಣ್ಣೆ. ಬಟ್ಟಲು ಎಣ್ಣೆ ಕುಡಿದ ಕಟ್ಟಿಗೆ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೂರು ಸಂಜೆ ಬೇಕಾಯಿತು. ಆಯಿ ಬಿಸಿಲಲ್ಲಿ ಕೂತೇ ಇದ್ದಳು, ನಾನಿದ್ದ ಕಡೆ ಬಿಸಿಲು ಸರಿದರೂ ಅವಳು ಸರಿಯಲಿಲ್ಲ. ರವಿವಾರ ಮುಂಜಾನೆ ಅಕ್ಕನ, ನನ್ನ ತಲೆಗೆ ಎಣ್ಣೆ ಹಚ್ಚುವುದು ಅವಳ ಕೆಲಸ. ಆ ರವಿವಾರ ಅಕ್ಕನ ತಲೆಗೆ ಹಚ್ಚಿ, ಜಡೆ ಹಾಕಿ, ಬಟ್ಟಲನ್ನು ನನ್ನ ಮುಂದೆ ಇಟ್ಟು ಎದ್ದು ಹೋದಳು. ನಾನೇ ಹಚ್ಚಿಕೊಂಡೆ. ಎಣ್ಣೆ ಹುಬ್ಬಿನ ಮೇಲೆ ಇಳಿದು ಕಣ್ಣಿಗೆ ಹೋಯಿತು. ನಾನು ಹೇಳಿದ್ದನ್ನೇ ಅವಳು ಮಾಡುತ್ತಿದ್ದಳು, ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು. ತಪ್ಪಾಯಿತು ಅನ್ನುವ ಮಾತು ದಿನಕ್ಕೆ ಹತ್ತು ಸಲ ಗಂಟಲ ತನಕ ಬಂದು ನಿಲ್ಲುತ್ತಿತ್ತು. ನನ್ನ ಗಂಟಲೇ ಅಂಥದ್ದು, ಬೇಕಾದ ಸ್ವರ ಯಾವತ್ತೂ ಹೊರಡಿಸಿದ್ದಲ್ಲ.

ಕುದುರಿ ಕೂತಿತು. ಮೌನೇಶಜ್ಜ ಹೇಳಿದ ಹಾಗೆ ಮೂರು ದಿನ ಬಿಟ್ಟೆ, ತಂತಿ ಕಟ್ಟಿದೆ, ಅಪ್ಪನ ಹಾರ್ಮೋನಿಯಂನ ಸ್ವರಕ್ಕೆ ಒಂದೊಂದನ್ನೇ ಬಿಗಿದೆ. ನಾಲ್ಕೂ ನಿಂತವು. ಸೋಮವಾರದ ತನಕ ಹಗಲೆಲ್ಲ ಕಿವಿಯೊಡ್ಡಿಕೊಂಡಿದ್ದೆ, ಟಪ್ ಅನ್ನಲಿಲ್ಲ. ನಾನು ಅವಸರಕ್ಕೆ ಬೇಕಾದದ್ದಕ್ಕಿಂತ ಅಗಲ ಹೆರೆದುಬಿಟ್ಟಿದ್ದೆ. ಜೇನುಬಣ್ಣದ ಬುರುಡೆಯ ಮೇಲೆ ಕುದುರಿಯ ಸುತ್ತ ಎರಡು ಬೆರಳಗಲ ಬಿಳಿಚಿದ ಪಟ್ಟಿ ಹಾಗೇ ಕಾಣುತ್ತಿತ್ತು.

ಸೋಮವಾರ ಓಣಿಯವರೆಲ್ಲ ಬಂದು ಗೋಡೆಗೆ ಬೆನ್ನು ಹಚ್ಚಿ ಕೂತರು. ಅಪ್ಪ ಹಾರ್ಮೋನಿಯಂ ಸರಿಸಿ, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದ. ನಾನು ಲಂಗದ ಮೇಲೆ ಉಕುಲೆಲೆ ಇಟ್ಟುಕೊಂಡು ಕೂತೆ. ಮೊದಲ ಪದಕ್ಕೆ ಎಲ್ಲರೂ ಆಯಿಯ ಕಡೆ ತಿರುಗಿದರು. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಗಂಟಲಾ ಕೆಟ್ಟೈತ್ರಿ ಇವತ್ತ. ದೊಡ್ಡಾಕಿ ಹಾಡ್ತಾಳ, ಹಿಡೀರಿ."

ಅಕ್ಕ ಎತ್ತಿಕೊಂಡಳು. ತಬಲ, ತಾಳ, ಹದಿನೈದು ಗಂಟಲು, ಹಾರ್ಮೋನಿಯಂ. ನಾನು ನಾಲ್ಕು ತಂತಿಗಳ ಮೇಲೆ ಬೆರಳಾಡಿಸಿದೆ. ಏನೂ ಕೇಳಲಿಲ್ಲ. ಯಾರಿಗೂ ಕೇಳಲಿಲ್ಲ, ನನಗೇ ಕೇಳಲಿಲ್ಲ. ಆರು ವಾರ ಜೀವ ತೇಯ್ದು ಕಟ್ಟಿದ ವಾದ್ಯ ಆ ಗದ್ದಲದಲ್ಲಿ ಮನಸಿನೊಳಗೆ ಹಾಡಿದಷ್ಟೇ ಆಯಿತು. ಎರಡು ಪದಗಳ ನಡುವೆ ಅಪ್ಪ ಬಗ್ಗಿ ತಂತಿಗಳ ಹತ್ತಿರ ಕಿವಿ ತಂದ.

"ಶ್ರುತಿ ಐತಿ," ಅಂದ.

ಆ ಎರಡು ಶಬ್ದಕ್ಕೆ ನಾನು ಹಾರಿ ಕುಣಿಯಬೇಕಿತ್ತು. ಆಗಲೇ ಚಹಾದ ಪರಾತ ಬಂತು. ಹೊತ್ತು ತಂದವಳು ಆಯಿ. ಬಗ್ಗಿದ ಬೆನ್ನಿನಲ್ಲಿ, ಕಾಲುಗಳ ನಡುವೆ ಜಾಗ ಹುಡುಕುತ್ತ, ಒಬ್ಬೊಬ್ಬರಿಗೆ ಕೊಡುತ್ತ ನನ್ನ ತನಕ ಬಂದಳು. ಎಲ್ಲರಿಗೂ ಕೈಗೆ ಕೊಟ್ಟವಳು ನನ್ನ ಕಪ್ಪನ್ನು ನೆಲದ ಮೇಲೆ, ನನ್ನಿಂದ ಒಂದು ಗೇಣು ದೂರ ಇಟ್ಟಳು.

"ನೋಡ್ಕೊಂಡ ತಗೋವ್ವ. ನನ್ನ ಕೈ ನಿನ್ನ ವಾದ್ಯಕ್ಕ ತಾಗೀತು."

ಕುಹಕವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಆಳು ಹೊಸ ಮನೆಯಲ್ಲಿ ಪದ್ಧತಿ ಕಲಿತು ನಡೆದುಕೊಳ್ಳುವ ಹಾಗೆ ಹೇಳಿದಳು. ಆ ಚಹಾ ಆರಿ ಕೆನೆಗಟ್ಟಿತು, ನಾನು ಕುಡಿಯಲಿಲ್ಲ.

ದಿನ ಕಳೆದಂತೆ ಮನೆ ಮತ್ತೆ ಮೊದಲಿನಂತಾಯಿತು. ಅಂಥ ಮನೆಗಳಲ್ಲಿ ಮಾತು ಬಿಟ್ಟು ಬಹಳ ದಿನ ಇರಲು ಜಾಗವೇ ಇರುವುದಿಲ್ಲ, ಬಚ್ಚಲಿಗೆ ಹೋಗಬೇಕಾದರೂ ಒಬ್ಬರನ್ನೊಬ್ಬರು ದಾಟಬೇಕು. ಮುಂದಿನ ಸೋಮವಾರ ಆಯಿಯ ಗಂಟಲು ಸರಿಯಾಯಿತು. ಅದರ ಮುಂದಿನ ರವಿವಾರ ನನ್ನ ಕೂದಲು ಜಗ್ಗಿ ಕೂರಿಸಿಕೊಂಡು, ನೆತ್ತಿಗೆ ಇಳಿಯುವಂತೆ ಎಣ್ಣೆ ತಟ್ಟಿದಳು. ಅವಳ ಕೈ ನನ್ನ ತಲೆಯ ಮೇಲಿದ್ದಾಗಲೇ ಧೈರ್ಯ ಬಂತು. ಒಳಗೆ ಹೋಗಿ ಉಕುಲೆಲೆ ತಂದು ಅವಳ ಮುಂದೆ ಹಿಡಿದು, ಬಿಳಿಚಿದ ಪಟ್ಟಿಯ ಮೇಲೆ ಬೆರಳಿಟ್ಟೆ.

"ಆಯಿ, ಇಲ್ಲಿ ಇಷ್ಟ ಎಣ್ಣಿ ಹಚ್ಚಿಕೊಡು. ಅಜ್ಜಾರ ಅಂದಾರ, ಅಂಟಸಿದ ಮ್ಯಾಲೆ ಹಚ್ಚಬಹುದಂತ."

"ಕುದುರಿ ಗಟ್ಟಿ ಕುಂತೈತೇನ?"

"ಕುಂತೈತಿ."

"ಮತ್ತ ಸಾಕಲ್ಲ." ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಬ್ಯಾಡವ್ವ. ಅದು ನಿಂದು."

ಸಿಟ್ಟಿನಿಂದ ಹೇಳಿದ್ದರೆ ಜಗಳ ತೆಗೆಯಬಹುದಿತ್ತು, ಜಗಳ ನನಗೆ ಬರುತ್ತಿತ್ತು. ಅವಳು ನಗುತ್ತ ಹೇಳಿದಳು. ನಾನು ಎಣ್ಣೆಯ ಬಟ್ಟಲನ್ನೂ ಉಕುಲೆಲೆಯನ್ನೂ ಅವಳ ಮಗ್ಗುಲಲ್ಲೇ ಬಿಟ್ಟು ಆಡಲು ಹೋದೆ, ಸಂಜೆಯೊಳಗೆ ಹಚ್ಚಿರುತ್ತಾಳೆ ಅಂತ. ಬಂದು ನೋಡಿದರೆ ಬಟ್ಟಲು ತುಂಬಿದಂತೆಯೇ ಅಡಿಗೆಮನೆಗೆ ಮರಳಿತ್ತು. ಉಕುಲೆಲೆ ನಾನು ಇಟ್ಟಲ್ಲೇ ಇತ್ತು. ಅದರ ಮೇಲೆ ಬಿಸಿಲು ಬೀಳದ ಹಾಗೆ ಟವೆಲು ಹೊದಿಸಿದ್ದಳು, ಟವೆಲಿನ ತುದಿಯನ್ನಷ್ಟೇ ಹಿಡಿದು ಹೊದಿಸಿದ್ದಾಳೆಂದು ನನಗೆ ನೋಡದೆಯೂ ಗೊತ್ತಾಯಿತು.

ಆಮೇಲೂ ಎರಡು ಮೂರು ಸಲ ಕೇಳಿದೆ. ಪ್ರತಿ ಸಲ ಅದೇ ನಗು, ಅದೇ ಮಾತು. ಈಗ ಕೇಳಲು ಅವಳಿಲ್ಲ. ನಾನು ಗದಗಿನಲ್ಲಿ ಒಂದು ಸಣ್ಣ ಮಳಿಗೆಯಲ್ಲಿ ಹಾರ್ಮೋನಿಯಂ, ತಂಬೂರಿ ದುರಸ್ತಿ ಮಾಡುತ್ತೇನೆ. ಯಾರೇ ಏನೇ ತಂದರೂ ಮೊದಲು ಮೂಸಿ ನೋಡುತ್ತೇನೆ, ಮುರಿದದ್ದಕ್ಕಿಂತ ಮುದ್ದಿನಿಂದ ಹಾಳಾದದ್ದೇ ಹೆಚ್ಚು ಬರುತ್ತದೆ. ಬೆಟಗೇರಿಯ ಮನೆಯಲ್ಲಿ ಈಗ ಮೂರು ಬಾಚಣಿಕೆಗಳಿವೆ. ಹೋದಾಗ ಯಾವುದು ಸಿಕ್ಕರೆ ಅದರಲ್ಲೇ ಬಾಚಿಕೊಳ್ಳುತ್ತೇನೆ, ಅಕ್ಕನ ಮಕ್ಕಳು ನನ್ನ ಪೆನ್ನು ಎತ್ತಿಕೊಂಡು ಹೋಗುತ್ತವೆ, ನಾನು ಈಗಲೂ ಕಿರುಚುತ್ತೇನೆ. ಉಕುಲೆಲೆ ಪಡಸಾಲೆಯ ಮೊಳೆಗೆ ತೂಗುತ್ತಿದೆ. ಬುರುಡೆ ಹಳೆಯದಾಗಿ ಬೆಲ್ಲದ ಬಣ್ಣಕ್ಕೆ ಬಂದಿದೆ, ಕುದುರಿಯ ಸುತ್ತಲಿನ ಪಟ್ಟಿ ಮಾತ್ರ ಇನ್ನೂ ಬಿಳಿಚಿದೆ. ನಾನೇ ಎಣ್ಣೆ ಹಚ್ಚಬಹುದು, ಹಚ್ಚಿಲ್ಲ. ಆ ಮಕ್ಕಳು ಮನೆಯಲ್ಲಿ ಏನನ್ನೂ ಬಿಡುವುದಿಲ್ಲ, ಆದರೆ ಅದರ ಹತ್ತಿರ ಹೋದರೆ ಅವ್ವ ತಡೆಯುತ್ತಾಳೆ, ಆಯಿ ಹೇಳಿ ಹೋಗಿದ್ದಾಳಂತೆ. ಆ ಮನೆಯಲ್ಲಿ ನನ್ನದು ಅಂತ ಇರುವುದು ಅದೊಂದೇ. ಅದನ್ನು ಯಾರೂ ಮುಟ್ಟುವುದಿಲ್ಲ.